ನೀಲಿ ಹತ್ತದ ಯೀಸ್ಟ್

ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಯೀಸ್ಟ್ ನಮ್ಮಲ್ಲಿ ಬಹಳಷ್ಟು ಜನರ ಬಾಯಲ್ಲೋ ಕರುಳಲ್ಲೋ ತಣ್ಣಗೆ ಬದುಕಿಕೊಂಡಿರುತ್ತದೆ. ಇದೆ ಎಂಬುದೇ ಗೊತ್ತಾಗುವುದಿಲ್ಲ. ಹಸುಗೂಸಿನ ನಾಲಿಗೆಯ ಮೇಲೆ ಬಿಳಿ ಪದರವಾಗಿಯೋ, ಸಕ್ಕರೆ ಕಾಯಿಲೆಯವರ ತೊಡೆಸಂದಿನ ತುರಿಕೆಯಾಗಿಯೋ ಒಮ್ಮೊಮ್ಮೆ ತಲೆ ಎತ್ತಿದರೂ ಸಾಮಾನ್ಯವಾಗಿ ಮುಲಾಮಿಗೆ, ಮಾತ್ರೆಗೆ ಬಗ್ಗುತ್ತದೆ. ಹೆದರಬೇಕಾದದ್ದು ಅದು ರಕ್ತಕ್ಕೆ ಇಳಿದಾಗ. ಐಸಿಯುನಲ್ಲಿ ವಾರಗಟ್ಟಲೆ ಮಲಗಿದವರು, ಕತ್ತಿನ ರಕ್ತನಾಳಕ್ಕೆ ಕೊಳವೆ ಹಾಕಿಸಿಕೊಂಡವರು, ಕೀಮೋಥೆರಪಿಯಲ್ಲಿ ಬಿಳಿ ರಕ್ತಕಣ ಕಳೆದುಕೊಂಡವರು, ಇಂಥವರ ರಕ್ತದಲ್ಲಿ ಅದು ಬೆಳೆಯಿತೆಂದರೆ ಔಷಧಿ ಕೊಟ್ಟರೂ ಹತ್ತರಲ್ಲಿ ಮೂರು ನಾಲ್ಕು ಮಂದಿ ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಮಾಡಿದಾಗ ಅತಿ ಗಂಭೀರ ಎಂಬ ಗುಂಪಿನಲ್ಲಿ ನಾಲ್ಕನ್ನೇ ಇಟ್ಟಿತು. ಅದರಲ್ಲಿ ಇದೂ ಒಂದು.

ನಾನು ಪಿಎಚ್‌ಡಿಗೆಂದು ಹಿಡಿದದ್ದು ಈ ಯೀಸ್ಟಿನ ಗೋಡೆಯನ್ನು. ಗೋಡೆ ಹೆಚ್ಚೂಕಡಿಮೆ ಪೂರ್ತಿ ಸಕ್ಕರೆಯದೇ. ನಾಲಿಗೆಗೆ ಸಿಹಿ ಹತ್ತುವ ಸಕ್ಕರೆಯಲ್ಲ, ಗ್ಲೂಕೋಸು, ಮ್ಯಾನೋಸುಗಳನ್ನು ಒಂದಕ್ಕೊಂದು ಪೋಣಿಸಿದ ಉದ್ದುದ್ದ ಸರಗಳು. ಒಳಪದರದಲ್ಲಿ ಬೀಟಾ ಗ್ಲೂಕನ್ ಮತ್ತು ಕೈಟಿನ್. ಕೈಟಿನ್ ಎಂದರೆ ಸಿಗಡಿಯ ಸಿಪ್ಪೆಯಲ್ಲಿ, ಜೀರುಂಡೆಯ ರೆಕ್ಕೆಯಲ್ಲಿ ಇರುವ ವಸ್ತುವೇ. ಇಲ್ಲಿ ನೂರಕ್ಕೆ ಎರಡು ಮೂರು ಪಾಲಷ್ಟೇ ಇದ್ದರೂ ಗಟ್ಟಿತನದಲ್ಲಿ ಅದರ ಪಾಲು ದೊಡ್ಡದು. ಗೋಡೆಯ ಅರ್ಧಕ್ಕೂ ಹೆಚ್ಚು ಭಾಗ ಗ್ಲೂಕನ್. ಅದರ ಹೊರಗೆ ಮೈತುಂಬ ಮ್ಯಾನೋಸ್ ಹೊತ್ತ ಪ್ರೋಟೀನುಗಳು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಈ ಮ್ಯಾನನ್ ಪದರ ನವಣೆ ತೆನೆಯ ಸುಂಕಿನ ಹಾಗೆ ನಿಮಿರಿ ನಿಂತಿರುವುದನ್ನು ನೋಡಿಯೇ ನಾನು ಈ ವಿಷಯಕ್ಕೆ ಬಿದ್ದದ್ದು ಎಂದರೂ ತಪ್ಪಿಲ್ಲ.

ರೋಗಕ್ಕೂ ಈ ಸಕ್ಕರೆಗೂ ಏನು ನಂಟು? ನಮ್ಮ ದೇಹದಲ್ಲಿ ಬೀಟಾ ಗ್ಲೂಕನ್ ತಯಾರಾಗುವುದೇ ಇಲ್ಲ. ಹಾಗಾಗಿ ಅದು ಕಂಡ ಕೂಡಲೇ ಹೊರಗಿನದೊಂದು ಒಳಗೆ ಬಂದಿದೆ ಎಂದು ನಮ್ಮ ರಕ್ಷಣಾ ಕೋಶಗಳು ಗುರುತಿಸುತ್ತವೆ. ಹಾಗೆ ಗುರುತಿಸುವ ಗ್ರಾಹಕ ಯಾವುದೆಂದು 2001ರಲ್ಲಿ ಆಕ್ಸ್‌ಫರ್ಡಿನ ಗಾರ್ಡನ್ ಬ್ರೌನ್ ಮತ್ತು ಸೈಮನ್ ಗಾರ್ಡನ್ ತೋರಿಸಿಕೊಟ್ಟರು. ಅದರ ಹೆಸರು ಡೆಕ್ಟಿನ್-1. ಯೀಸ್ಟು ಇದಕ್ಕೆ ಸುಲಭದಲ್ಲಿ ಸಿಕ್ಕಿಬೀಳುವುದಿಲ್ಲ. ಹೊರಗಿನ ಮ್ಯಾನನ್ ಪದರ ಗ್ಲೂಕನ್ನನ್ನು ಮರೆಮಾಡಿರುತ್ತದೆ. ಜೀವಂತ ಕೋಶದಲ್ಲಿ ಅದು ಬಯಲಾಗುವುದು ಮುಖ್ಯವಾಗಿ ಮರಿಕೋಶ ಕಳಚಿಕೊಂಡ ಗಾಯದ ಗುರುತಿನ ಹತ್ತಿರ. ಅದೇ ಯೀಸ್ಟನ್ನು ಕುದಿನೀರಲ್ಲಿ ಇಟ್ಟು ಕೊಂದರೆ ಮರೆ ಕಿತ್ತುಹೋಗಿ ಗ್ಲೂಕನ್ ಎಲ್ಲೆಡೆ ತೆರೆದುಕೊಳ್ಳುತ್ತದೆ. ಸತ್ತ ಯೀಸ್ಟಿನ ಮೇಲೆ ಪ್ರಯೋಗ ಮಾಡಿ ಬದುಕಿದ್ದರ ಬಗ್ಗೆ ಬರೆದ ಹಳೆಯ ಲೇಖನಗಳನ್ನು ಅದಕ್ಕೇ ಇವತ್ತು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.

ಮ್ಯಾನನ್ ಸರಗಳ ಕೆಲವು ಕವಲುಗಳಲ್ಲಿ ಒಂದು ಫಾಸ್ಫೇಟ್ ಕೂತಿರುತ್ತದೆ. ಅದರಿಂದಾಗಿ ಕೋಶದ ಮೈಗೆ ಋಣ ವಿದ್ಯುದಂಶ. ಬ್ರೆಡ್ಡಿಗೆ ಹಾಕುವ ಯೀಸ್ಟಿನಲ್ಲಿ ಮ್ಯಾನನ್ ಕೆಟ್ಟ ತಳಿಗಳನ್ನು ಬರ್ಕ್ಲಿಯ ಕ್ಲಿಂಟನ್ ಬಲ್ಲೂ ಅವರ ಪ್ರಯೋಗಾಲಯ 1970ರ ದಶಕದಲ್ಲೇ ಆರಿಸಿಟ್ಟಿತ್ತು. ಫಾಸ್ಫೇಟ್ ಕೂರಿಸುವುದಕ್ಕೆ ಎಂಎನ್‌ಎನ್-4 ಎಂಬ ಜೀನ್ ಬೇಕೆಂಬುದೂ ಆ ಯೀಸ್ಟಿನಲ್ಲಿ ಗೊತ್ತಾಗಿತ್ತು. ನನ್ನ ಊಹೆ ಸರಳವಾಗಿತ್ತು: ಮೈಮೇಲಿನ ಈ ವಿದ್ಯುದಂಶವೇ ಕ್ಯಾಂಡಿಡಾದ ಆಯುಧ, ಜೀನ್ ತೆಗೆದರೆ ಫಾಸ್ಫೇಟ್ ಹೋಗುತ್ತದೆ, ಫಾಸ್ಫೇಟ್ ಹೋದರೆ ರೋಗ ತರುವ ಶಕ್ತಿ ಹೋಗುತ್ತದೆ. ಈ ಶತಮಾನದ ಮೊದಲ ವರ್ಷಗಳು ಅವು. ಕ್ಯಾಂಡಿಡಾದ ಜೀನೋಮನ್ನು ಸ್ಟ್ಯಾನ್‌ಫರ್ಡಿನವರು ತುಂಡು ತುಂಡಾಗಿ ಇಂಟರ್ನೆಟ್ಟಿಗೆ ಹಾಕುತ್ತಿದ್ದರು. ಬೆಂಗಳೂರಿನ ನಮ್ಮ ಲ್ಯಾಬಿನ ಒಂದೇ ಕಂಪ್ಯೂಟರಿನ ಮುಂದೆ ಸರದಿಗೆ ಕಾದು ಕೂತು ಆ ಜೀನನ್ನು ಹುಡುಕಿದ್ದೆ. ಎಲ್ಲರಿಗಿಂತ ಮೊದಲು ನನಗೇ ಸಿಕ್ಕಿದೆ ಎಂಬ ಜಂಬ ಬೇರೆ.

ಆಗ ಕ್ಯಾಂಡಿಡಾದಲ್ಲಿ ಜೀನ್ ತೆಗೆಯುವುದು ಒಂದು ಹೊತ್ತಿನ ಕೆಲಸವಾಗಿರಲಿಲ್ಲ. ಪ್ರತಿ ಜೀನಿಗೂ ಎರಡು ಪ್ರತಿ. ಎರಡನ್ನೂ ಒಂದಾದ ಮೇಲೊಂದು ಕತ್ತರಿಸಬೇಕು. ಫಾಂಜಿ ಮತ್ತು ಇರ್ವಿನ್ 1993ರಲ್ಲಿ ಕ್ಯಾಂಡಿಡಾಕ್ಕೆ ಒಗ್ಗಿಸಿಕೊಟ್ಟ ‘ಯೂರಾ ಬ್ಲಾಸ್ಟರ್’ ವಿಧಾನವನ್ನೇ ಎಲ್ಲರೂ ಬಳಸುತ್ತಿದ್ದರು. ಯೂರಾ-3 ಎಂಬ ಜೀನ್ ಇಲ್ಲದ ತಳಿಯನ್ನು ತೆಗೆದುಕೊಳ್ಳಬೇಕು. ಅದಕ್ಕೆ ಯೂರಿಡಿನ್ ತಾನೇ ಮಾಡಿಕೊಳ್ಳಲು ಬರುವುದಿಲ್ಲ, ನಾವು ಉಣಿಸಬೇಕು. ಕತ್ತರಿಸಬೇಕಾದ ಜೀನಿನ ಜಾಗಕ್ಕೆ ಯೂರಾ-3ನ್ನು ತುರುಕಿ, ಯೂರಿಡಿನ್ ಇಲ್ಲದ ಪ್ಲೇಟಿನಲ್ಲಿ ಬೆಳೆದ ಕಾಲನಿಗಳನ್ನು ಆರಿಸಿಕೊಳ್ಳಬೇಕು. ಆಮೇಲೆ ಎಫ್‌ಒಎ ಎಂಬ ರಾಸಾಯನಿಕ ಹಾಕಿ ಯೂರಾ-3 ಕಳೆದುಕೊಂಡವನ್ನು ಆರಿಸಿ, ಎರಡನೆಯ ಪ್ರತಿಗೆ ಅದೇ ಕೆಲಸ ಮತ್ತೆ ಮಾಡಬೇಕು. ಕೊನೆಗೆ ಕೈಗೆ ಬರುವ ತಳಿಯಲ್ಲಿ ಎಂಎನ್‌ಎನ್-4ರ ಎರಡೂ ಪ್ರತಿ ಇಲ್ಲ. ಅದರಲ್ಲೊಂದರ ಜಾಗದಲ್ಲಿ ಯೂರಾ-3 ಕೂತಿದೆ. ಕೂತದ್ದು ಅದರ ಹುಟ್ಟೂರಲ್ಲಲ್ಲ, ಪರಸ್ಥಳದಲ್ಲಿ. ನಾನು ಜಾರಿದ್ದು ಇಲ್ಲೇ.

ತಳಿ ಸರಿಯಾಗಿದೆಯೇ ಎಂದು ನೋಡಲು ಆಲ್ಸಿಯನ್ ಬ್ಲೂ ಎಂಬ ಬಣ್ಣ. ಬಟ್ಟೆಗೆ ಹಾಕಲೆಂದು ಹುಟ್ಟಿದ ಬಣ್ಣ ಅದು, ಧನ ವಿದ್ಯುದಂಶದ್ದು, ಹಾಗಾಗಿ ಫಾಸ್ಫೇಟಿಗೆ ಅಂಟಿಕೊಳ್ಳುತ್ತದೆ. ತೊಳೆದ ಯೀಸ್ಟನ್ನು ಆಮ್ಲದಲ್ಲಿ ಕದಡಿದ ಬಣ್ಣಕ್ಕೆ ಹಾಕಿ, ಹತ್ತು ನಿಮಿಷ ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದೆ. ಮೂಲ ತಳಿಯ ಟ್ಯೂಬಿನಲ್ಲಿ ಗಸಿ ಕಡುನೀಲಿಯಾಗಿ ತಳಕ್ಕೆ ಕೂತು ಮೇಲಿನ ನೀರು ತಿಳಿಯಾಗಿತ್ತು. ನನ್ನ ತಳಿಯ ಟ್ಯೂಬಿನಲ್ಲಿ ಅದರ ತಿರುಗುಮುರುಗು. ಗಸಿ ಬೆಳ್ಳಗೆ, ನೀರೆಲ್ಲ ನೀಲಿ. ಯಂತ್ರದಲ್ಲಿ ಅಳೆಯುವ ಅಗತ್ಯವೇ ಇರಲಿಲ್ಲ. ಬಾಗಿಲಲ್ಲಿ ನಿಂತವರಿಗೂ ಕಾಣುತ್ತಿತ್ತು. ಲ್ಯಾಬಿನಲ್ಲಿದ್ದ ಎಲ್ಲರನ್ನೂ ಕರೆದು ತೋರಿಸಿದೆ. ಕ್ಯಾಂಟೀನಿನಿಂದ ಮೈಸೂರು ಪಾಕ್ ತರಿಸಿದ್ದೂ ನಾನೇ. ಅಲ್ಲಿಯವರೆಗಿನ ಕೆಲಸ ಇವತ್ತಿಗೂ ಸರಿಯಾದದ್ದೇ ಎನ್ನುವುದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಇಲಿಗಳು. ಪ್ರಾಣಿ ಪ್ರಯೋಗಗಳ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕಿ, ಬಿಳಿ ಇಲಿಗಳ ಬಾಲವನ್ನು ದೀಪದ ಶಾಖಕ್ಕೆ ಹಿಡಿದು, ಉಬ್ಬಿದ ರಕ್ತನಾಳಕ್ಕೆ ಎಣಿಸಿದ ಯೀಸ್ಟ್ ಚುಚ್ಚಿದೆ. ಒಂದು ಗುಂಪಿಗೆ ಮೂಲ ತಳಿ, ಒಂದಕ್ಕೆ ಜೀನ್ ತೆಗೆದ ತಳಿ, ಮತ್ತೊಂದಕ್ಕೆ ತೆಗೆದ ಜೀನನ್ನು ಮರಳಿ ಕೊಟ್ಟ ತಳಿ. ಇಲಿಯಲ್ಲಿ ಕ್ಯಾಂಡಿಡಾ ಹೋಗಿ ಕೂರುವುದು ಮುಖ್ಯವಾಗಿ ಮೂತ್ರಪಿಂಡದಲ್ಲಿ. ಮೂಲ ತಳಿ ಪಡೆದವು ವಾರದೊಳಗೆ ಕೂದಲು ನಿಮಿರಿಸಿಕೊಂಡು ಮೂಲೆ ಹಿಡಿದವು. ತೂಕ ಐದರಲ್ಲೊಂದು ಪಾಲು ಇಳಿದೊಡನೆ ಅವನ್ನು ನೋವಿಲ್ಲದಂತೆ ಮುಗಿಸುವುದು ನಿಯಮ. ಜೀನ್ ತೆಗೆದ ತಳಿ ಪಡೆದ ಮೂಲೆಯ ಪಂಜರದವು ಮಾತ್ರ ಬುರುಬುರು ಓಡಾಡಿಕೊಂಡಿದ್ದವು. ಅನಿಮಲ್ ಹೌಸಿನಲ್ಲಿ ಮೇವು ನೀರು ನೋಡಿಕೊಳ್ಳುತ್ತಿದ್ದ ಮಂಡ್ಯ ಕಡೆಯ ಹಿರಿಯರೊಬ್ಬರು ಬೆಳಿಗ್ಗೆ ನನ್ನನ್ನು ಕಂಡವರೇ, “ಮೇಡಮ್ನೋರೇ, ಈ ಮೂಲೆವು ಸಂದಾಗವೆ, ಇವುಕ್ಕೆ ಮದ್ದು ಗಿದ್ದು ಹಾಕುದ್ರಾ?” ಎಂದರು. ನಾನು ನಕ್ಕು, ಮದ್ದಲ್ಲ, ಈ ಯೀಸ್ಟಿನ ಹಲ್ಲು ಕಿತ್ತಿದ್ದೀನಿ ಎಂದೆ. ಜೀನ್ ಮರಳಿ ಕೊಟ್ಟ ತಳಿಯ ಪಂಜರದಲ್ಲಿ ಇಲಿಗಳು ಮತ್ತೆ ಸಾಯುತ್ತಿದ್ದವು.

ಇದಕ್ಕಿಂತ ಅಚ್ಚುಕಟ್ಟಾದ ಫಲಿತಾಂಶ ಯಾರಿಗೆ ಬೇಕು? ರೋಗಾಣುವಿನ ಒಂದು ಜೀನನ್ನು ಆಯುಧ ಎಂದು ಕರೆಯಲು ಏನೇನು ತೋರಿಸಬೇಕೆಂದು ಸ್ಟಾನ್ಲಿ ಫಾಲ್ಕೊ 1988ರಲ್ಲಿ ಪಟ್ಟಿ ಮಾಡಿದ್ದರು: ಜೀನ್ ತೆಗೆದರೆ ಉಗ್ರತೆ ಇಳಿಯಬೇಕು, ಮರಳಿ ಕೊಟ್ಟರೆ ಮರಳಬೇಕು. ನನ್ನಲ್ಲಿ ಎರಡೂ ಇದ್ದವು. ಶೇಕರಿನಲ್ಲಿ ಬೆಳೆಸಿ ನೋಡಿದಾಗ ಮೂರೂ ತಳಿಗಳು ಒಂದೇ ವೇಗದಲ್ಲಿ ಬೆಳೆಯುತ್ತಿದ್ದವು. ಯೂರಿಡಿನ್ ಹಾಕದ ಮಾಧ್ಯಮದಲ್ಲೂ ಅಷ್ಟೇ. ಅಂದಮೇಲೆ ತಳಿ ಸೊರಗಿಲ್ಲ, ನಿಶ್ಶಸ್ತ್ರವಾಗಿದೆ ಅಷ್ಟೇ ಎಂದು ಲ್ಯಾಬ್ ಮೀಟಿಂಗಿನಲ್ಲಿ ಹೇಳಿದೆ.

ನನ್ನ ಸೀನಿಯರ್ ಒಬ್ಬರು, ನಾವೆಲ್ಲ ಅಕ್ಕ ಎನ್ನುತ್ತಿದ್ದವರು, ಕೊನೆಯ ಬೆಂಚಿನಿಂದ ಒಂದು ಮಾತು ಕೇಳಿದರು. “ಮರಳಿ ಕೊಟ್ಟೆ ಅಂದ್ಯಲ್ಲ, ಯಾವುದರಲ್ಲಿ ಕೊಟ್ಟೆ?” ಸಿಐಪಿ-10 ಪ್ಲಾಸ್ಮಿಡ್ಡಿನಲ್ಲಿ, ಎಂದೆ. ಜೀನನ್ನು ಕೋಶದೊಳಕ್ಕೆ ಹೊತ್ತೊಯ್ಯುವ ಡಿಎನ್ಎ ಉಂಗುರವೇ ಪ್ಲಾಸ್ಮಿಡ್, ಇದು ಸ್ಕಾಟ್ಲೆಂಡಿನ ಅಬರ್ಡೀನಿನವರು 2000ದಲ್ಲಿ ಪ್ರಕಟಿಸಿದ್ದು. ನಮಗೆ ಫಿಲ್ಟರ್ ಕಾಗದದ ಮೇಲೆ ಒಣಗಿಸಿದ ಚುಕ್ಕೆಯಾಗಿ ಅಂಚೆಯಲ್ಲಿ ಬಂದಿತ್ತು. “ಅದರಲ್ಲಿ ಯೂರಾನೂ ಇರುತ್ತೆ ಅಲ್ವೇನೇ? ಹಂಗಾದ್ರೆ ಖಾಲಿ ಪ್ಲಾಸ್ಮಿಡ್ ಹಾಕಿದ್ದೊಂದು ಗುಂಪು ಬೇಕಿತ್ತಲ್ಲ.”

ಬೇಕಿತ್ತು. ಆ ಕ್ಷಣವೇ ನನಗೆ ಅರ್ಥವಾಗಿತ್ತು ಕೂಡ. ನಾನು ಕೊಟ್ಟ ಉತ್ತರ ಬೇರೆ. ಒಂದು ಗುಂಪು ಹೆಚ್ಚಿಗೆ ಅಂದರೆ ಅಷ್ಟು ಇಲಿಗಳು ಹೆಚ್ಚಿಗೆ. ಬೆಳವಣಿಗೆಯಲ್ಲಿ ವ್ಯತ್ಯಾಸವೇ ಇಲ್ಲದಿರುವಾಗ ಸುಮ್ಮನೆ ಜೀವ ತೆಗೆಯುವುದು ಸರಿಯಲ್ಲ ಎಂದೆ. ಮೀಟಿಂಗಿನಲ್ಲಿ ಅದಕ್ಕೆ ಯಾರೂ ಎದುರಾಡಲಿಲ್ಲ. ಪ್ರಾಣಿದಯೆಯ ಮಾತಿಗೆ ಯಾರು ಎದುರಾಡುತ್ತಾರೆ? ನಿಜ ಏನೆಂದರೆ, ಸಿನಾಪ್ಸಿಸ್ ಕೊಡುವ ದಿನ ಹತ್ತಿರ ಬಂದಿತ್ತು, ಮತ್ತು ಖಾಲಿ ಪ್ಲಾಸ್ಮಿಡ್ಡಿನ ಗುಂಪು ಏನು ಹೇಳಬಹುದೋ ಎಂಬ ಅಳುಕು ಒಳಗೆ ಇತ್ತು. ಗೊತ್ತಿಲ್ಲದೆ ಮಾಡಿದ ತಪ್ಪು ಎಂದು ಎಷ್ಟೋ ವರ್ಷ ಹೇಳಿಕೊಂಡು ಬಂದೆ. ಅದು ಹಾಗಲ್ಲ. ಯೂರಾ-3ನ್ನು ಬೇರೆ ಬೇರೆ ಜಾಗದಲ್ಲಿ ಕೂರಿಸಿದರೆ ಅದು ಬೇರೆ ಬೇರೆ ಪ್ರಮಾಣದಲ್ಲಿ ಕೆಲಸ ಮಾಡುತ್ತದೆ, ಕಡಿಮೆ ಮಾಡುವಲ್ಲಿ ಇಲಿಯಲ್ಲಿನ ಉಗ್ರತೆಯೂ ಇಳಿಯುತ್ತದೆ, ಹಾಗಾಗಿ ಯಾವ ಜೀನ್ ಕತ್ತರಿಸಿದಿರಿ ಎಂಬುದನ್ನು ಬಿಟ್ಟು ಗುರುತಿನ ಜೀನಿನ ಪ್ರಭಾವವನ್ನೇ ನೋಡುತ್ತಿರಬಹುದು ಎಂದು ಎಚ್ಚರಿಸಿದ ಅಮೆರಿಕದ ತಂಡವೊಂದರ ಲೇಖನ 1998ರಲ್ಲೇ ‘ಇನ್‌ಫೆಕ್ಷನ್ ಅಂಡ್ ಇಮ್ಯೂನಿಟಿ’ ಪತ್ರಿಕೆಯಲ್ಲಿ ಬಂದಿತ್ತು. ಅದರ ಜೆರಾಕ್ಸ್ ಪ್ರತಿ ನನ್ನ ಫೈಲಿನಲ್ಲಿತ್ತು. ಹಳದಿ ಹೈಲೈಟರಿನಲ್ಲಿ ಗೆರೆ ಎಳೆದವಳೂ ನಾನೇ. ಸಿನಾಪ್ಸಿಸ್ಸಿನ ಮೊದಲ ಪುಟದಲ್ಲಿ ಉಲ್ಲೇಖಿಸಿಯೂ ಇದ್ದೆ, ಬೇರೆಯವರ ಕೆಲಸದಲ್ಲಿನ ದೋಷಕ್ಕೆ ಉದಾಹರಣೆಯಾಗಿ.

ಲೇಖನ ಬರೆದು ಪತ್ರಿಕೆಗೆ ಕಳಿಸಿದೆವು. ಅದು ತಿರುಗಿ ಬಂತು. ಇಬ್ಬರು ವಿಮರ್ಶಕರಲ್ಲಿ ಒಬ್ಬರು ಭಾಷೆ ತಿದ್ದಿದ್ದರು. ಇನ್ನೊಬ್ಬರು ಕೇಳಿದ್ದು ಅಕ್ಕ ಕೇಳಿದ್ದನ್ನೇ, ಇನ್ನೂ ಕಡಿಮೆ ಮಾತಿನಲ್ಲಿ. ಆ ಹೊತ್ತಿಗೆ ಅಬರ್ಡೀನಿನಿಂದ 2004ರಲ್ಲಿ ಎರಡು ಲೇಖನಗಳು ಹೊರಬಂದವು. ಒಂದರಲ್ಲಿ ನಾನು ನನ್ನದೆಂದುಕೊಂಡಿದ್ದ ಅದೇ ಜೀನನ್ನು ಅವರು ತೆಗೆದಿದ್ದರು. ಅವರ ತಳಿಗೂ ನೀಲಿ ಹತ್ತಿರಲಿಲ್ಲ. ಆದರೆ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಅದನ್ನು ಗುರುತಿಸುವುದರಲ್ಲಾಗಲಿ, ಇಲಿಯಲ್ಲಿನ ಉಗ್ರತೆಯಲ್ಲಾಗಲಿ ಏನೇನೂ ವ್ಯತ್ಯಾಸ ಕಂಡಿರಲಿಲ್ಲ. ಇನ್ನೊಂದು ಲೇಖನ ಯೂರಾ-3ರ ಬಗ್ಗೆಯೇ: ಪರಸ್ಥಳದಲ್ಲಿ ಕೂತ ಆ ಜೀನ್ ಉಗ್ರತೆಯನ್ನೂ ಕೋಶದ ಪ್ರೋಟೀನುಗಳನ್ನೂ ಏರುಪೇರು ಮಾಡುತ್ತದೆ, ಆರ್‌ಪಿಎಸ್-10 ಎಂಬ ಒಂದೇ ನಿಗದಿತ ಜಾಗದಲ್ಲಿ ಎಲ್ಲ ತಳಿಗಳಲ್ಲೂ ಕೂರಿಸಿದರೆ ಈ ತೊಡಕು ಹೋಗುತ್ತದೆ ಎಂದು. ಸಿಐಪಿ-10 ಪ್ಲಾಸ್ಮಿಡ್ ಹೋಗಿ ಕೂರುವುದು ಆ ಜಾಗದಲ್ಲೇ.

ನನ್ನ ಮೊದಲ ಪ್ರತಿಕ್ರಿಯೆ ಅವರ ತಪ್ಪು ಹುಡುಕುವುದು. ಅವರ ಇಲಿಯ ತಳಿ ಬೇರೆ, ಚುಚ್ಚಿದ ಪ್ರಮಾಣ ಬೇರೆ, ಇತ್ಯಾದಿ. ಗೈಡ್ ಮುಂದೆ ಒಂದು ಪಟ್ಟಿಯನ್ನೇ ಇಟ್ಟೆ. ಅವರು ಓದಿ, “ಸಮಿತಿಗೆ ಏನು ಬರೀತೀಯಮ್ಮ?” ಎಂದರು, ಅಷ್ಟೇ.

ಸಮಿತಿಯ ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಈ ಪ್ರಯೋಗ ಹಿಂದೆ ನಡೆದಿದೆಯೇ, ನಡೆದಿದ್ದರೆ ಮತ್ತೆ ಮಾಡಲು ಕಾರಣವೇನು. ಮೊದಲ ಅರ್ಜಿಯಲ್ಲಿ ಅಡ್ಡಗೆರೆ ಎಳೆದು ಬಿಟ್ಟಿದ್ದ ಕಾಲಂ. ಈ ಸಲ ಅದರಲ್ಲಿ ಏನು ಬರೆಯುವುದು? ‘ತಾಂತ್ರಿಕ ಕಾರಣಗಳಿಂದ’ ಎಂದು ಬರೆದು ಹೊಡೆದುಹಾಕಿದೆ. ‘ವಿಮರ್ಶಕರ ಸಲಹೆಯ ಮೇರೆಗೆ’ ಎಂದೆ. ಅದೂ ಅರ್ಧ ಸುಳ್ಳು. ಕೊನೆಗೆ, ಹಿಂದಿನ ಪ್ರಯೋಗದಲ್ಲಿ ಇರಲೇಬೇಕಾಗಿದ್ದ ಹೋಲಿಕೆಯ ಗುಂಪೊಂದನ್ನು ಪ್ರಯೋಗ ಮಾಡಿದವರು ಬಿಟ್ಟಿದ್ದರಿಂದ ಆ ಫಲಿತಾಂಶ ಉಪಯೋಗಕ್ಕೆ ಬರುವುದಿಲ್ಲ ಎಂದು ಬರೆದು ಸಹಿ ಹಾಕಿದೆ. ಆಗಲೂ ‘ನಾನು’ ಎಂದು ಬರೆಯಲು ಕೈ ಬರಲಿಲ್ಲ ನೋಡಿ. ಒಂದು ಗುಂಪು ಉಳಿಸುತ್ತೇನೆ ಎಂದು ಹೊರಟವಳು ಈಗ ಎಲ್ಲ ಗುಂಪುಗಳನ್ನೂ ಮತ್ತೆ ಕೇಳುತ್ತಿದ್ದೆ. ಒಂದೇ ಸಲ, ಒಟ್ಟಿಗೇ ಮಾಡದಿದ್ದರೆ ಹೋಲಿಸಲು ಬರುವುದಿಲ್ಲವಲ್ಲ.

ಖಾಲಿ ಪ್ಲಾಸ್ಮಿಡ್ ಹಾಕಿದ ತಳಿಯನ್ನು ಮೊದಲು ಆಲ್ಸಿಯನ್ ಬ್ಲೂನಲ್ಲಿ ನೋಡಿದೆ. ಗಸಿ ಬೆಳ್ಳಗೇ ಇತ್ತು. ಎಂಎನ್‌ಎನ್-4 ಇಲ್ಲ, ಫಾಸ್ಫೇಟ್ ಇಲ್ಲ, ಸರಿಯೇ. ಅದನ್ನು ಚುಚ್ಚಿದ ಇಲಿಗಳು ಮೂಲ ತಳಿಯವುಗಳ ಜೊತೆಜೊತೆಗೇ ಮುದುಡಿದವು. ಮೂತ್ರಪಿಂಡ ಅರೆದು ಪ್ಲೇಟಿಗೆ ಹಾಕಿದರೆ ಕಾಲನಿಗಳು ಒತ್ತೊತ್ತಾಗಿ ಎದ್ದವು. ಎದ್ದವನ್ನು ಮತ್ತೆ ಬಣ್ಣಕ್ಕೆ ಹಾಕಿ ನೋಡಿದೆ, ಎಲ್ಲೋ ತಳಿ ಅದಲುಬದಲಾಗಿರಬಹುದು ಎಂಬ ಕೊನೆಯ ಆಸೆಯಿಂದ. ಬೆಳ್ಳಗಿನ ಗಸಿಯೇ. ಫಾಸ್ಫೇಟ್ ಇಲ್ಲದ ಯೀಸ್ಟ್ ಇಲಿಯನ್ನು ಚೆನ್ನಾಗಿಯೇ ಕೊಲ್ಲುತ್ತಿತ್ತು. ಅಂದರೆ ನಾನು ‘ಜೀನ್ ಮರಳಿ ಕೊಟ್ಟೆ, ಉಗ್ರತೆ ಮರಳಿತು’ ಎಂದು ಎದೆ ತಟ್ಟಿಕೊಂಡಿದ್ದೆನಲ್ಲ, ಅಲ್ಲಿ ಮರಳಿದ್ದು ಸರಿಯಾದ ಜಾಗಕ್ಕೆ ಬಂದ ಯೂರಾ-3. ಎಂಎನ್‌ಎನ್-4 ಅದರ ಜೊತೆಗೆ ಅದೇ ಪ್ಲಾಸ್ಮಿಡ್ಡಿನಲ್ಲಿ ಪ್ರಯಾಣ ಮಾಡಿತ್ತು, ಅಷ್ಟೇ. ನನ್ನನ್ನು ತಡೆಯಬೇಕಾಗಿದ್ದ ಹೋಲಿಕೆಯ ಗುಂಪೇ ನನ್ನ ಭ್ರಮೆಗೆ ಸಾಕ್ಷಿ ನುಡಿದಿತ್ತು.

ಶೇಕರಿನಲ್ಲಿ ಚೆನ್ನಾಗಿ ಬೆಳೆದದ್ದು ಇಲಿಯಲ್ಲಿ ಯಾಕೆ ಸೋತಿತು ಎಂಬುದನ್ನು ನಾನು ಹೀಗೆ ಅರ್ಥಮಾಡಿಕೊಂಡಿದ್ದೇನೆ. ಲ್ಯಾಬಿನ ಫ್ಲಾಸ್ಕಿನಲ್ಲಿ ಯೀಸ್ಟಿಗೆ ತಿನ್ನಲು ಬೇಕಾದಷ್ಟಿದೆ, ಅಟ್ಟಿಸಿಕೊಂಡು ಬರುವವರಿಲ್ಲ. ಯೂರಾ-3 ಅರೆಬರೆ ಕೆಲಸ ಮಾಡಿದರೂ ಅಲ್ಲಿ ನಡೆದುಹೋಗುತ್ತದೆ. ಇಲಿಯ ಮೂತ್ರಪಿಂಡದಲ್ಲಿ ಬದುಕು ಬಿಗಿ, ಅಲ್ಲಿ ಅದು ಸಾಲುವುದಿಲ್ಲ. ಇನ್ನೊಂದು ಸಂಗತಿ ನನಗೆ ತಿಳಿದಾಗ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಯೂರಿಡಿನ್ ಬರೀ ಆರ್‌ಎನ್‌ಎಗೆ ಬೇಕಾದ ಕಚ್ಚಾವಸ್ತುವಲ್ಲ. ಗೋಡೆಯ ಗ್ಲೂಕನ್ ಕಟ್ಟಲು ಗ್ಲೂಕೋಸು, ಕೈಟಿನ್ ಕಟ್ಟಲು ಅದರ ಸಕ್ಕರೆ, ಎರಡೂ ಬರುವುದು ಯುಡಿಪಿ ಎಂಬ ಯೂರಿಡಿನ್ ಅಣುವಿನ ಬೆನ್ನೇರಿ. ಮ್ಯಾನನ್ನಿಗೆ ಮಾತ್ರ ಬೇರೆ ವಾಹನ, ಜಿಡಿಪಿ. ಗೋಡೆಯ ಸಕ್ಕರೆಯನ್ನು ಅಭ್ಯಾಸ ಮಾಡುತ್ತೇನೆಂದು ಹೊರಟು, ಗೋಡೆಗೆ ಸಕ್ಕರೆ ಹೊರುವ ಅಣುವಿನ ಪೂರೈಕೆಗೇ ಕಲ್ಲು ಹಾಕಿ, ಅದು ಪರಿಣಾಮ ಬೀರದು ಎಂದುಕೊಂಡಿದ್ದೆ. ಜೀವರಸಾಯನ ಪಾಠದಲ್ಲಿ ಇದನ್ನು ಬಿಎಸ್ಸಿಯಲ್ಲೇ ಓದಿಸುತ್ತಾರೆ.

ಸೊರಗಿದ ಯೀಸ್ಟು ಮತ್ತು ನಿಶ್ಶಸ್ತ್ರವಾದ ಯೀಸ್ಟು, ಇಲಿಯ ಪಂಜರದ ಹೊರಗೆ ನಿಂತು ನೋಡುವವರಿಗೆ ಎರಡೂ ಒಂದೇ. ಎರಡರಲ್ಲೂ ಇಲಿ ಓಡಾಡಿಕೊಂಡಿರುತ್ತದೆ. ಈ ಕ್ಷೇತ್ರದ ದೊಡ್ಡ ತೊಡಕು ಇದೇ ಎಂದು ನನಗೆ ಈಗಲೂ ಅನಿಸುತ್ತದೆ. ಯೂರಾ-3 ಸರಿಯಾದ ಜಾಗದಲ್ಲಿದ್ದರೂ ಈ ತೊಡಕು ಹೋಗುವುದಿಲ್ಲ. ಓಸಿಎಚ್-1 ಎಂಬ ಜೀನ್ ತೆಗೆದರೆ ಮ್ಯಾನನ್ನಿನ ಉದ್ದನೆಯ ಹೊರಸರಗಳೇ ಇಲ್ಲವಾಗುತ್ತವೆ. ಇಲಿಯಲ್ಲಿ ಆ ತಳಿ ಸಪ್ಪೆಯಾಗುತ್ತದೆ ಎಂದು 2006ರಲ್ಲಿ ಸರಿಯಾದ ಹೋಲಿಕೆಗಳೊಂದಿಗೇ ತೋರಿಸಿದರು. ಮ್ಯಾನನ್ ಆಯುಧ ಎಂದು ಇದನ್ನು ಓದಬಹುದು. ಆದರೆ ಅದೇ ತಳಿಯ ಗೋಡೆ ದುರ್ಬಲವಾಗಿರುತ್ತದೆ, ಕಾಂಗೋ ರೆಡ್‌ನಂಥ ಗೋಡೆ ಕೆಡಿಸುವ ಬಣ್ಣ ಸೋಕಿದರೆ ನರಳುತ್ತದೆ, ಮರಿಕೋಶಗಳು ಬಿಡಿಸಿಕೊಳ್ಳದೆ ಗುಂಪುಗುಂಪಾಗಿ ಅಂಟಿಕೊಂಡಿರುತ್ತವೆ. ಆಯುಧ ಹೋಯಿತೋ, ಆರೋಗ್ಯ ಹೋಯಿತೋ? ಎರಡೂ ಇರಬಹುದು ಎನ್ನುವುದು ಸುಲಭದ ಉತ್ತರ. ಎಷ್ಟೆಷ್ಟು ಪಾಲು ಎಂದು ಕೇಳಿದರೆ ಎಲ್ಲರೂ ಕೆಮ್ಮುತ್ತಾರೆ. ಈ ಪ್ರಶ್ನೆಗೆ ಒಂದಿಷ್ಟು ನೆಮ್ಮದಿ ಕೊಡುವುದು ಕ್ರಿಪ್ಟೊಕಾಕಸ್ ಎಂಬ ಇನ್ನೊಂದು ರೋಗಕಾರಕ ಯೀಸ್ಟ್. ಅದರ ಮೈಸುತ್ತ ಮ್ಯಾನೋಸ್, ಕ್ಸೈಲೋಸ್, ಗ್ಲುಕುರಾನಿಕ್ ಆಮ್ಲಗಳ ದಪ್ಪ ಲೋಳೆ ಕವಚವಿದೆ. ಕವಚವನ್ನೇ ತೆಗೆದ ತಳಿ ಇಲಿಗೆ ಏನೂ ಮಾಡಲಾರದೆಂದು 1994ರಲ್ಲೇ ಚಾಂಗ್ ಮತ್ತು ಕ್ವಾನ್-ಚುಂಗ್ ತೋರಿಸಿದರು. ಅದೇ ಕವಚದ ಮೇಲಿನ ಅಸಿಟೈಲ್ ಗುಂಪುಗಳನ್ನು ಮಾತ್ರ ತೆಗೆದಾಗ ತಳಿ ಮೊದಲಿಗಿಂತ ಉಗ್ರವಾಯಿತು. ಸೊರಗಿದ್ದು ಹೆಚ್ಚು ಕೊಲ್ಲುವುದಿಲ್ಲವಲ್ಲ, ಹಾಗಾಗಿ ಅಲ್ಲಿ ಸಕ್ಕರೆಯ ಪಾತ್ರ ನಿಜವಾಗಿ ಕಾಣುತ್ತದೆ. ಉಗ್ರತೆ ಇಳಿದ ಫಲಿತಾಂಶಕ್ಕಿಂತ ಏರಿದ ಫಲಿತಾಂಶವನ್ನು ನಾನು ಈಗ ಬೇಗ ನಂಬುತ್ತೇನೆ.

ನನ್ನ ಆ ಅಧ್ಯಾಯ ಥೀಸಿಸ್ಸಿನಲ್ಲಿ ಉಳಿಯಿತು. ಶೀರ್ಷಿಕೆಯಲ್ಲಿ ‘ಆಯುಧ’ ಹೋಗಿ ‘ಪರಿಣಾಮವಿಲ್ಲ’ ಬಂತು. ಮೌಖಿಕ ಪರೀಕ್ಷೆಯಲ್ಲಿ ಅದರ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ, ಅದೂ ಬಣ್ಣದ ವಿಧಾನದ ಬಗ್ಗೆ. ಲೇಖನವಾಗಿ ಅದು ಎಲ್ಲೂ ಅಚ್ಚಾಗಲಿಲ್ಲ, ಅಬರ್ಡೀನಿನವರು ಹೇಳಿಯಾಗಿತ್ತು. ಅಕ್ಕ ಈಗ ಹೊರದೇಶದಲ್ಲಿದ್ದಾರೆ. ನನ್ನನ್ನು ಒಂದು ದಿನವೂ ಹಂಗಿಸಲಿಲ್ಲ. ಅದೇ ಸ್ವಲ್ಪ ಕಷ್ಟವಾಗಿತ್ತು.

ಇವತ್ತು ಯೂರಾ-3 ಬಲೆ ಬಹುಮಟ್ಟಿಗೆ ಹಳೆಯ ಕಥೆ. ನೌರ್ಸಿಯೊಥ್ರಿಸಿನ್ ಎಂಬ ಔಷಧಿಗೆ ತಡೆ ಕೊಡುವ ಗುರುತಿನ ಜೀನನ್ನು ಹಾಕಿ, ಕೆಲಸ ಮುಗಿದ ಮೇಲೆ ಅದನ್ನೇ ಕಿತ್ತುಹಾಕುವ ವಿಧಾನ 2004ರಲ್ಲಿ ಜರ್ಮನಿಯಿಂದ ಬಂತು. 2015ರಿಂದ ಕ್ಯಾಂಡಿಡಾಕ್ಕೂ ಕ್ರಿಸ್ಪರ್ ಇದೆ. ಈಗಿನ ಹುಡುಗರು ವಾರಗಳಲ್ಲಿ ಮಾಡುವುದನ್ನು ನಾವು ವರ್ಷಗಟ್ಟಲೆ ಎಳೆದಾಡುತ್ತಿದ್ದೆವು. ಬಲೆಗಳ ಜಾಗ ಬದಲಾಗಿದೆ, ಅಷ್ಟೇ. ಲ್ಯಾಬಿನಲ್ಲಿ ನಾವು ಯೀಸ್ಟಿಗೆ ನೂರಕ್ಕೆ ಎರಡು ಪಾಲು ಗ್ಲೂಕೋಸ್ ಉಣಿಸುತ್ತೇವೆ. ರಕ್ತದಲ್ಲಿರುವುದು ಅದರ ಇಪ್ಪತ್ತರಲ್ಲೊಂದು ಪಾಲು. ಗ್ಲೂಕೋಸ್ ಬದಲು ಲ್ಯಾಕ್ಟೇಟ್ ಸಿಕ್ಕರೆ ಅದೇ ಕ್ಯಾಂಡಿಡಾ ಗೋಡೆಯ ರಚನೆ ಬದಲಿಸಿಕೊಂಡು ಗ್ಲೂಕನ್ನನ್ನು ಇನ್ನಷ್ಟು ಮರೆಮಾಡುತ್ತದೆ ಎಂದು 2016ರಲ್ಲಿ ಗೊತ್ತಾಯಿತು. ಅಂದರೆ ನಾವು ಫ್ಲಾಸ್ಕಿನಿಂದ ತೆಗೆದು ಚುಚ್ಚುತ್ತಿರುವುದು ರೋಗಿಯ ಮೈಯಲ್ಲಿ ಇರುವ ಗೋಡೆಯೇ ಅಲ್ಲದಿರಬಹುದು.

ನನ್ನ ಈಗಿನ ವಿದ್ಯಾರ್ಥಿನಿಯೊಬ್ಬಳು ಕ್ಯಾಂಡಿಡಾ ಆರಿಸ್ ಹಿಡಿದಿದ್ದಾಳೆ. 2009ರಲ್ಲಿ ಜಪಾನಿನ ರೋಗಿಯೊಬ್ಬರ ಕಿವಿಯಲ್ಲಿ ಮೊದಲು ಗುರುತಾಗಿ, ಈಗ ನಮ್ಮ ದೇಶದ ಐಸಿಯುಗಳಲ್ಲೂ ಬೇರುಬಿಟ್ಟಿರುವ, ಹಲವು ಔಷಧಿಗಳಿಗೆ ಬಗ್ಗದ ಯೀಸ್ಟ್ ಅದು. ಅದರ ಕೆಲವು ತಳಿಗಳು ಕೋಶಗಳನ್ನು ಬಿಡದೆ ಮುದ್ದೆ ಕಟ್ಟುತ್ತವೆ. ಮುದ್ದೆ ಕಟ್ಟುವವು ಕಟ್ಟದವಕ್ಕಿಂತ ಕಡಿಮೆ ಉಗ್ರ ಎಂದು 2016ರಲ್ಲಿ ಬ್ರಿಟನ್ನಿನವರು ಮೇಣದ ಹುಳುವಿನಲ್ಲಿ ಕಂಡರು. ಜೇನುಪೆಟ್ಟಿಗೆ ಇಟ್ಟವರಿಗೆ ಈ ಹುಳು ಗೊತ್ತು, ಎರಿ ತಿಂದು ಹಾಳು ಮಾಡುವುದು ಅದೇ. ಮನುಷ್ಯನ ಮೈಶಾಖದಲ್ಲೂ ಬದುಕುವುದರಿಂದ ಇಂಥ ಪ್ರಯೋಗಕ್ಕೆ ಇಲಿಯ ಬದಲು ಬಳಸುತ್ತಾರೆ. ಮೊನ್ನೆ ಅವಳ ಪ್ಲೇಟುಗಳನ್ನು ನೋಡುತ್ತ, ಹತ್ತು ಕೋಶದ ಒಂದು ಮುದ್ದೆ ಪ್ಲೇಟಿನ ಮೇಲೆ ಒಂದೇ ಕಾಲನಿಯಾಗಿ ಏಳುತ್ತದೆ, ನೀನು ಹತ್ತರ ಜಾಗದಲ್ಲಿ ಒಂದು ಎಣಿಸುತ್ತಿದ್ದೀಯ, ಮೊದಲು ಸೋನಿಕೇಟರಿನಲ್ಲಿ ಮುದ್ದೆ ಒಡೆದು ಆಮೇಲೆ ಎಣಿಸು ಎಂದೆ.

“ಒಡೆದ್ರೆ ಅದು ಆ ತಳಿನೇ ಅಲ್ವಲ್ಲ ಮ್ಯಾಮ್,” ಎಂದಳು. “ರೋಗಿ ಮೈಯಲ್ಲಿ ಅದು ಮುದ್ದೆಯಾಗೇ ಇರೋದು. ಒಡೆದು ಚುಚ್ಚಿದ್ರೆ ಅದರ ಗುಣನೇ ಕಿತ್ತು ಚುಚ್ಚಿದ ಹಾಗಾಗತ್ತೆ. ಒಡೆಯೋವಾಗ ಗೋಡೆಗೆ ಏನಾಗತ್ತೋ ಅದೂ ಗೊತ್ತಿಲ್ಲ.”

ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿರಲಿಲ್ಲ. ಒಡೆದದ್ದು, ಒಡೆಯದ್ದು, ಮುದ್ದೆ ಕಟ್ಟದ ತಳಿಯನ್ನೂ ಅದೇ ಸೋನಿಕೇಟರಿಗೆ ಒಡ್ಡಿದ್ದು, ಹೀಗೆ ಎಲ್ಲವನ್ನೂ ಮೊದಲು ಹುಳುವಿನಲ್ಲಿ ನೋಡುವುದೆಂದು ತೀರ್ಮಾನವಾಯಿತು. ಗುಂಪುಗಳು ಜಾಸ್ತಿಯಾಗುತ್ತವೆ, ಹುಳು ಸಾಲುವುದಿಲ್ಲ ಎಂದಳು. ಸಾಲದಿದ್ದರೆ ಇನ್ನಷ್ಟು ತರಿಸು, ಇಲಿಗಳಿಗೆ ಅರ್ಜಿ ಹಾಕುವುದು ಅದಾದ ಮೇಲೆ, ಎಂದೆ.